ಆಯ್ದ ಹಾಡುಗಳು

ಬಸವನ ಬಾಗೇವಾಡಿಯು ಬಸವಣ್ಣನವರು ಜನಿಸಿದ ಊರು. ಹನ್ನೆರಡನೆಯ ಶತಮಾನದಲ್ಲಿ ಅವರೂ ಅವರ ಸಂಗಡದ ಶರಣರೂ ನುಡಿದ ವಚನಗಳು ತಾಡೋಲೆಗಳಲ್ಲಿ ಬರಹವಾಗಿ ಉಳಿದುಬಂದವು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಊರೂರು ತಿರುಗಿ ಆ ಓಲೆಗಳನ್ನು ಕಲೆಹಾಕಿದರು. ಅವುಗಳಲ್ಲಿನ ವಚನಗಳನ್ನು ಆಯ್ದು, ವಿಷಯಕ್ಕೆ ತಕ್ಕಂತೆ ಜೋಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಹೀಗೆ ವಚನಕಾರರ ಮಾತು ನಮಗೆ ದಕ್ಕಿತು. ಆದರೆ ಅವರ ಕಂಠ ಹೇಗಿತ್ತು, ಯಾವ ಮಾತಿನ ಮೇಲೆ ಅವರ ದನಿ ಏರುತ್ತಿತ್ತು, ಎಲ್ಲಿ ಇಳಿಯುತ್ತಿತ್ತು ಎಂಬುದು ನಮಗೆ ತಿಳಿಯುವಂತಿಲ್ಲ. ಮಾತಿಗೆ ಓಲೆಯ ಆಸರೆಯಿತ್ತು; ದನಿಗೆ ಆಗ ಯಾವ ಆಸರೆಯೂ ಇರಲಿಲ್ಲ.

ಆ ಆಸರೆ ದೊರೆತುದು ಏಳು ನೂರು ವರ್ಷಗಳ ಅನಂತರ. 1887ರಲ್ಲಿ ಎಮಿಲ್ ಬರ್ಲಿನರ್ ಎಂಬಾತನು ಅಮೆರಿಕದಲ್ಲಿ ಗ್ರಾಮಫೋನ್ ಯಂತ್ರಕ್ಕೆ ಹಕ್ಕುಪತ್ರ ಪಡೆದನು. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞನು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಹಾಡುಗಳನ್ನು ಮುದ್ರಿಸಿಕೊಂಡನು. ಆಕೆ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಹೇಳುತ್ತಿದ್ದಳು. ದೂರದೇಶದ ಕಾರ್ಖಾನೆಯಲ್ಲಿ ತಟ್ಟೆಯ ಮೇಲೆ ಚೀಟಿ ಅಂಟಿಸುವವರು ಹಾಡಿದವರು ಯಾರೆಂದು ತಿಳಿಯಲಿ ಎಂಬುದು ಅದರ ಉದ್ದೇಶವೆನ್ನುತ್ತಾರೆ. ಹಾಡಿನೊಂದಿಗೆ ಹಾಡಿದವರ ಹೆಸರೂ ಉಳಿಯಬೇಕೆಂಬ ಎಚ್ಚರ ಅದರಲ್ಲಿತ್ತು.

ಅಂದಿನ ತಟ್ಟೆಗಳು ಅರಗು, ಕಲ್ಲಿನ ನುಣುಪಾದ ಪುಡಿ ಮತ್ತು ಕಾಡಿಗೆಯನ್ನು ಬೆರೆಸಿ ಮಾಡಿದವು. ಹತ್ತು ಅಂಗುಲ ಅಗಲದ ಆ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷಗಳ ಒಂದೇ ಹಾಡು ಹಿಡಿಯುತ್ತಿತ್ತು. ಉಕ್ಕಿನ ಮುಳ್ಳು ಅದರ ಗೆರೆಯನ್ನು ಸವೆಸುತ್ತಿತ್ತು; ಕೈಜಾರಿದರೆ ತಟ್ಟೆ ಒಡೆದು ಚೂರಾಗುತ್ತಿತ್ತು. ಆದುದರಿಂದ ಒಬ್ಬ ಗಾಯಕರ ಜೀವಮಾನದ ಸಾಧನೆಯೆಲ್ಲ ನೂರಾರು ಬಿಡಿ ತಟ್ಟೆಗಳಲ್ಲಿ ಹಂಚಿಹೋಗಿ, ಯಾರ ಮನೆಯಲ್ಲಿ ಯಾವುದು ಉಳಿಯಿತೋ ಅಷ್ಟೇ ಉಳಿಯುವ ಸ್ಥಿತಿಯಿತ್ತು.

1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆಯು ‘ಲಾಂಗ್ ಪ್ಲೇ’ ಎಂಬ ಹೊಸ ತಟ್ಟೆಯನ್ನು ಬಳಕೆಗೆ ತಂದಿತು. ಇದು ನಿಮಿಷಕ್ಕೆ ಮೂವತ್ತಮೂರು ಸುತ್ತುಗಳಿಗಿಂತ ತುಸು ಹೆಚ್ಚು ತಿರುಗುತ್ತಿತ್ತು. ಒಂದೊಂದು ಮಗ್ಗುಲಿನಲ್ಲಿ ಇಪ್ಪತ್ತು ನಿಮಿಷಗಳಿಗೂ ಮಿಕ್ಕ ಸಂಗೀತವನ್ನು ಹಿಡಿಯುತ್ತಿತ್ತು. ಹಳೆಯ ಆರೇಳು ತಟ್ಟೆಗಳ ಹಾಡುಗಳು ಈಗ ಒಂದರಲ್ಲಿಯೇ ಅಡಕವಾದವು. ಒಬ್ಬ ಗಾಯಕರ ಹೆಸರಾಂತ ಹಾಡುಗಳನ್ನು ಆಯ್ದು ಒಂದೆಡೆ ಸೇರಿಸುವ ಪದ್ಧತಿಗೆ ಇದರಿಂದ ದಾರಿಯಾಯಿತು. 1958ರಲ್ಲಿ ಜಾನಿ ಮ್ಯಾಥಿಸ್ ಎಂಬ ತರುಣ ಗಾಯಕನು ಪ್ರವಾಸದಲ್ಲಿದ್ದು ಹೊಸ ಹಾಡುಗಳನ್ನು ಮುದ್ರಿಸಲು ಸಿಗದಿದ್ದಾಗ, ಕೊಲಂಬಿಯಾ ಸಂಸ್ಥೆಯವರು ಅವನ ಹಿಂದಿನ ಜನಪ್ರಿಯ ಹಾಡುಗಳನ್ನೇ ಕೂಡಿಸಿ ಒಂದು ತಟ್ಟೆಯನ್ನು ಹೊರತಂದರು. ಅದು ಆ ದೇಶದ ಮಾರಾಟದ ಪಟ್ಟಿಯಲ್ಲಿ ಒಟ್ಟು 490 ವಾರಗಳ ಕಾಲ, ಎಂದರೆ ಒಂಬತ್ತು ವರ್ಷಕ್ಕೂ ಮೀರಿ ಉಳಿಯಿತು. ಹೊಸ ಮುದ್ರಣದ ವೆಚ್ಚವಿಲ್ಲದೆ ಲಾಭ ತರುವ ಈ ಮಾರ್ಗ ಎಲ್ಲ ದೇಶಗಳ ಸಂಸ್ಥೆಗಳಿಗೂ ಒಪ್ಪಿಗೆಯಾಯಿತು.

ಕನ್ನಡಿಗರಿಗೆ ಇಂತಹ ಸಂಗ್ರಹಗಳಿಂದ ಆದ ಉಪಕಾರ ದೊಡ್ಡದು. ಉಡುಪಿಯ ಸೀಮೆಯ ಆರೂರಿನಲ್ಲಿ ಹುಟ್ಟಿದ ಪಿ. ಕಾಳಿಂಗರಾಯರು (1914–1981) ಬೇಂದ್ರೆ, ಕುವೆಂಪು, ಕೆ. ಎಸ್. ನರಸಿಂಹಸ್ವಾಮಿ ಮೊದಲಾದವರ ಕವಿತೆಗಳನ್ನು ಮೋಹನಕುಮಾರಿ, ಸೋಹನಕುಮಾರಿ ಸಹೋದರಿಯರೊಡನೆ ನಾಡಿನ ಉದ್ದಗಲಕ್ಕೂ ಹಾಡಿದರು. ಪುಸ್ತಕ ಕೊಳ್ಳದವರ ಕಿವಿಗೂ ಕವಿತೆ ಬಿದ್ದುದು ಅವರಿಂದ. ಧ್ವನಿಸುರುಳಿಗಳ ಕಾಲ ಬಂದ ಮೇಲೆ ಅವರ ಆಯ್ದ ಹಾಡುಗಳು ಹೊಸ ತಲೆಮಾರಿನ ಮನೆಗಳನ್ನು ಹೊಕ್ಕವು. ಅವರ ಕಚೇರಿಯನ್ನು ಎಂದೂ ಕಾಣದ ಮಕ್ಕಳು ಅವರ ಕಂಠವನ್ನು ಗುರುತಿಸಬಲ್ಲವರಾದರು.

ಆದರೆ ಆಯ್ಕೆಯೆಂದರೆ ಕೆಲವನ್ನು ಹಿಡಿಯುವುದು ಮಾತ್ರವಲ್ಲ, ಮಿಕ್ಕವನ್ನು ಬಿಡುವುದೂ ಹೌದು. ಇದರ ಪರಿಣಾಮವನ್ನು ಅರಿಯಲು ಬಸವನ ಬಾಗೇವಾಡಿ ಸೇರಿರುವ ಹಳೆಯ ವಿಜಾಪುರ ಜಿಲ್ಲೆಯವರೇ ಆದ ಗಾಯಕಿಯೊಬ್ಬರನ್ನು ನೆನೆಯಬಹುದು. ಅವರೇ ಅಮೀರಬಾಯಿ ಕರ್ನಾಟಕಿ. ಅವರ ಹುಟ್ಟೂರಾದ ಬೀಳಗಿಯು ಅಂದು ವಿಜಾಪುರ ಜಿಲ್ಲೆಗೆ ಸೇರಿತ್ತು. 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿದೆ. ಅವರ ಅಕ್ಕ ಗೋಹರಬಾಯಿಯವರೂ ಗಾಯಕಿ. ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜತೆಗೆ ಪಾತ್ರ ವಹಿಸಿದವರು. ತಂಗಿಯು ಮುಂಬಯಿಗೆ ಹೋಗಿ ಗ್ರಾಮಫೋನ್ ತಟ್ಟೆಗಳಿಗೂ ಚಲನಚಿತ್ರಗಳಿಗೂ ಹಾಡಿದರು, ಚಿತ್ರಗಳಲ್ಲಿ ಅಭಿನಯಿಸಿದರು. ಪರನಾಡಿನಲ್ಲಿ ಹೆಸರು ಗಳಿಸಿದರೂ ತಮ್ಮ ಹೆಸರಿನ ಕೊನೆಗೆ ‘ಕರ್ನಾಟಕಿ’ ಎಂಬ ಮಾತನ್ನು ಉಳಿಸಿಕೊಂಡರು.

1943ರಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯ ‘ಕಿಸ್ಮತ್’ ಚಿತ್ರ ತೆರೆಕಂಡಿತು. ಅನಿಲ್ ಬಿಸ್ವಾಸ್ ಅವರು ಸಂಗೀತ ನೀಡಿದ ಆ ಚಿತ್ರದ ಹೆಚ್ಚಿನ ಹಾಡುಗಳಲ್ಲಿ ಅಮೀರಬಾಯಿಯವರ ಕಂಠವಿತ್ತು. ಚಿತ್ರವು ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು. ಕವಿ ಪ್ರದೀಪರು ಅದಕ್ಕಾಗಿ ಬರೆದ ದೇಶಭಕ್ತಿಯ ಹಾಡು, ‘ಭಾರತ ಬಿಟ್ಟು ತೊಲಗಿ’ ಚಳವಳಿಯ ಆ ದಿನಗಳಲ್ಲಿ ಜನರ ಹೃದಯವನ್ನು ಕಲಕಿತು. ಮೇಲುನೋಟಕ್ಕೆ ಜರ್ಮನಿ, ಜಪಾನುಗಳನ್ನು ಉದ್ದೇಶಿಸಿದ್ದ ಆ ಹಾಡನ್ನು ಸರಕಾರ ತಡೆಯಲಿಲ್ಲ. ಕೇಳಿದವರಿಗೆ ಅದರ ಗುರಿ ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ಚಲನಚಿತ್ರ ಗಾಯನದ ರುಚಿ ಬದಲಾಯಿತು. ಲತಾ ಮಂಗೇಶ್ಕರ್ ಅವರಂತಹ ಹೊಸ ಕಂಠಗಳು ಮುಂದೆ ಬಂದವು. ಅಮೀರಬಾಯಿಯವರಿಗೆ ಹಾಡುವ ಅವಕಾಶಗಳು ಕಡಿಮೆಯಾದವು. 1965ರಲ್ಲಿ ಅವರು ತೀರಿಕೊಂಡರು. ವಿಜಾಪುರ ನಗರದಲ್ಲಿ ಅಮೀರ್ ಟಾಕೀಸ್ ಎಂಬ ಚಿತ್ರಮಂದಿರವು ಅವರ ಹೆಸರನ್ನು ಹೊತ್ತು ನಿಂತಿತು.

ಹಳೆಯ ಹಿಂದಿ ಹಾಡುಗಳ ಸಂಗ್ರಹಗಳಲ್ಲಿ ‘ಕಿಸ್ಮತ್’ ಚಿತ್ರದ ಹಾಡುಗಳಿಗೆ ಸಹಜವಾಗಿಯೇ ಸ್ಥಾನ ದೊರೆತಿದೆ. ಅವು ಇಲ್ಲದೆ ಆ ಕಾಲದ ಸಂಗ್ರಹ ಪೂರ್ಣವಾಗದು. ಆದರೆ ಅಮೀರಬಾಯಿಯವರು ಕನ್ನಡ, ಗುಜರಾತಿ, ಮರಾಠಿ ಭಾಷೆಗಳಲ್ಲಿಯೂ ಹಾಡಿದವರು. ಹಿಂದಿ ಚಿತ್ರಗೀತೆಗಳೆಂಬ ಚೌಕಟ್ಟಿನೊಳಗೆ ಆ ಹಾಡುಗಳಿಗೆ ಎಡೆಯೇ ಇಲ್ಲ. ಸಂಗ್ರಹದ ಮೂಲಕವೇ ಅವರನ್ನು ಅರಿತವರು, ಅವರ ಕಲೆ ಒಂದು ಚಿತ್ರದ ಕೆಲವು ಹಾಡುಗಳಷ್ಟೇ ಎಂದು ಭಾವಿಸುವುದು ಸಾಧ್ಯ. ಇದರಲ್ಲಿ ಒಂದು ಚಕ್ರವೂ ಇದೆ. ಜನಪ್ರಿಯವಾದ ಹಾಡು ಸಂಗ್ರಹಕ್ಕೆ ಆಯ್ಕೆಯಾಗುತ್ತದೆ. ಸಂಗ್ರಹದಲ್ಲಿ ಇರುವುದರಿಂದ ಅದೇ ಮತ್ತೆ ಜನಪ್ರಿಯವಾಗುತ್ತದೆ. ಹೊರಗುಳಿದ ಹಾಡು ಕೇಳುವವರಿಲ್ಲದೆ, ಅದರ ತಟ್ಟೆ ಒಡೆದ ದಿನ ಸದ್ದಿಲ್ಲದೆ ಅಳಿದುಹೋಗುತ್ತದೆ.

ಹೆಸರಿನ ಪ್ರಶ್ನೆಯೂ ಇಷ್ಟೇ ಮುಖ್ಯವಾದುದು. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಹಾಡೊಂದರ ತಟ್ಟೆಯ ಮೇಲೆ ಗಾಯಕಿ ಲತಾ ಮಂಗೇಶ್ಕರ್ ಅವರ ಹೆಸರಿಗೆ ಬದಲಾಗಿ ಚಿತ್ರದ ಪಾತ್ರವಾದ ಕಾಮಿನಿಯ ಹೆಸರನ್ನು ಅಚ್ಚು ಮಾಡಲಾಗಿತ್ತು. ಹಾಡಿದವರು, ಬರೆದವರು, ರಾಗ ಹಾಕಿದವರು, ಮುದ್ರಣವಾದ ವರ್ಷ—ಇವುಗಳನ್ನು ತಿಳಿದು ತಿದ್ದಿ ನಮೂದಿಸುವುದು ಒಳ್ಳೆಯ ಸಂಗ್ರಹಕಾರನ ಕರ್ತವ್ಯ. ಹಾಗೆ ಮಾಡದ ಸಂಗ್ರಹವು ಹಾಡನ್ನು ಉಳಿಸಿ ಹಾಡುಗಾರರನ್ನು ಕಳೆದುಬಿಡುತ್ತದೆ.

ಭಾರತದ ಕೃತಿಸ್ವಾಮ್ಯದ ಕಾಯಿದೆಯಂತೆ ಧ್ವನಿಮುದ್ರಣದ ಮೇಲಿನ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷಗಳವರೆಗೆ ಇರುತ್ತದೆ. 1943ರ ಮುದ್ರಣಗಳ ಮೇಲಿನ ಆ ಹಕ್ಕು 2003ರ ಕೊನೆಗೆ ಮುಗಿಯಿತು. ಹಾಡಿನ ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕುಗಳು ಬೇರೆಯಾಗಿದ್ದು, ಅವುಗಳನ್ನು ಗೌರವಿಸಲೇಬೇಕು. ಆದರೂ ಅಮೀರಬಾಯಿಯವರ ಕಾಲದ ತಟ್ಟೆಗಳನ್ನು ಹುಡುಕಿ, ಶುಚಿಗೊಳಿಸಿ, ಅವುಗಳ ದನಿಯನ್ನು ಹೊಸ ಸಾಧನಗಳಿಗೆ ಇಳಿಸಿಕೊಳ್ಳುವ ಕಾರ್ಯ ಇಂದು ದೊಡ್ಡ ಸಂಸ್ಥೆಗಳಿಗೆ ಮಾತ್ರ ಮೀಸಲಾಗಿ ಉಳಿದಿಲ್ಲ. ವಿದ್ವಾಂಸರೂ ಹವ್ಯಾಸಿ ಸಂಗ್ರಾಹಕರೂ ಅದನ್ನು ಕೈಗೊಳ್ಳಬಹುದಾಗಿದೆ.

ಹಳಕಟ್ಟಿಯವರು ಸಾರವನ್ನು ಪ್ರಕಟಿಸಿ ಅಷ್ಟಕ್ಕೇ ತೃಪ್ತರಾಗಲಿಲ್ಲ. ಮಿಕ್ಕ ವಚನಗಳ ಅನ್ವೇಷಣೆಯನ್ನು ಬಾಳಿನುದ್ದಕ್ಕೂ ನಡೆಸಿದರು. ಆಯ್ದ ಹಾಡುಗಳನ್ನು ಕೇಳುವವರಿಗೂ ಆ ಮನೋಭಾವ ಬೇಕು. ಸಂಗ್ರಹವು ಗಾಯಕರ ಮನೆಯ ಬಾಗಿಲು. ಬಾಗಿಲಲ್ಲಿ ನಿಂತು ಮನೆಯನ್ನೆಲ್ಲ ಕಂಡೆವೆಂದು ಹಿಂದಿರುಗದೆ ಒಳಗೆ ಹೋಗಬೇಕು. ಯಾವುದಾದರೊಂದು ಮನೆಯ ಅಟ್ಟದ ಮೇಲೆ ಹಳೆಯ ತಟ್ಟೆಯೊಂದು ದೊರೆತರೆ ಅದರ ಚೀಟಿಯ ಮೇಲಿನ ಹೆಸರನ್ನು ಓದಿ ಬರೆದಿಡುವುದು ವಿದ್ಯಾರ್ಥಿಗಳಿಂದಲೂ ಆಗುವ ಕೆಲಸ.

ಅಭ್ಯಾಸ

1. ವಚನಕಾರರ ಮಾತು ಉಳಿದು, ದನಿ ಉಳಿಯದಿರಲು ಕಾರಣವೇನು?
2. ‘ಲಾಂಗ್ ಪ್ಲೇ’ ತಟ್ಟೆಯಿಂದ ಆಯ್ದ ಹಾಡುಗಳ ಸಂಗ್ರಹಕ್ಕೆ ಹೇಗೆ ದಾರಿಯಾಯಿತು?
3. ಸಂಗ್ರಹಗಳಿಂದ ಆಗುವ ಉಪಕಾರವನ್ನೂ ಹಾನಿಯನ್ನೂ ಕಾಳಿಂಗರಾಯರ ಮತ್ತು ಅಮೀರಬಾಯಿಯವರ ನಿದರ್ಶನಗಳಿಂದ ವಿವರಿಸಿರಿ.
4. ನಿಮ್ಮ ಊರಿನ ಹಿರಿಯರಿಂದ ಅವರು ಮೆಚ್ಚಿದ ಐದು ಹಳೆಯ ಹಾಡುಗಳನ್ನು ಕೇಳಿ ತಿಳಿದು, ಹಾಡಿದವರ ಮತ್ತು ಬರೆದವರ ಹೆಸರುಗಳೊಡನೆ ಪಟ್ಟಿ ಮಾಡಿರಿ.