ಮಿದುಳಿನಲ್ಲಿರುವ ನಕ್ಷತ್ರಕೋಶಗಳು

ಪ್ರೌಢಶಾಲೆಯ ಶರೀರಶಾಸ್ತ್ರದ ಪಾಠದಲ್ಲಿ ನರಕೋಶದ ಚಿತ್ರವನ್ನು ಬರೆಯದೆ ತೇರ್ಗಡೆ ಹೊಂದಿದ ವಿದ್ಯಾರ್ಥಿನಿ ನಮ್ಮಲ್ಲಿ ಒಬ್ಬಳೂ ಇರಲಾರಳು. ನಡುವೆ ಒಂದು ಗುಂಡನೆಯ ದೇಹ, ಅದರಿಂದ ಮರದ ಕೊಂಬೆಗಳಂತೆ ಹೊರಟ ಕವಲುಗಳು, ಕೆಳಗೆ ಬಾಲದಂತೆ ಇಳಿದ ಒಂದು ಉದ್ದನೆಯ ತಂತು. ಇಷ್ಟನ್ನು ಸೀಸದ ಕಡ್ಡಿಯಿಂದ ತಿದ್ದಿ ಭಾಗಗಳಿಗೆ ಹೆಸರು ಬರೆದರೆ ಪೂರ್ಣ ಅಂಕಗಳು ದೊರೆಯುತ್ತಿದ್ದುವು. ಆ ಚಿತ್ರದಲ್ಲಿ ತಪ್ಪಿಲ್ಲ. ಆದರೆ ಅದರ ಸುತ್ತಲೂ ನಾವು ಬಿಟ್ಟ ಬಿಳಿಯ ಜಾಗವು ನಿಜವಾದ ಮಿದುಳಿನಲ್ಲಿ ಎಲ್ಲಿಯೂ ಇಲ್ಲ. ಅಲ್ಲಿ ಬೇರೊಂದು ಜಾತಿಯ ಕೋಶಗಳು ಸಂದುಗೊಂದುಗಳನ್ನೆಲ್ಲ ತುಂಬಿಕೊಂಡಿರುವುವು. ಅವುಗಳ ವಿಷಯವಾಗಿ ಈಚಿನ ದಶಕಗಳಲ್ಲಿ ತಿಳಿದುಬಂದ ಸಂಗತಿಗಳು ಕೆಲವು ರೋಗಗಳ ಚಿಕಿತ್ಸೆಯನ್ನೂ, ಅದರಲ್ಲಿಯೂ ಸ್ತ್ರೀಯರನ್ನೇ ಹೆಚ್ಚಾಗಿ ಬಾಧಿಸುವ ಒಂದು ರೋಗದ ಚಿಕಿತ್ಸೆಯನ್ನೂ ಬದಲಾಯಿಸಿರುವುದರಿಂದ, ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಅವನ್ನು ಅರಿತಿರುವುದು ಯುಕ್ತವೆಂದು ತೋರುತ್ತದೆ.

ಈ ಕೋಶಗಳಿಗೆ ಮೊದಲು ದೊರೆತ ಹೆಸರೇ ಅವುಗಳ ಪಾಲಿಗೆ ಅಪವಾದವಾಯಿತು. ಜರ್ಮನಿಯ ಪ್ರಸಿದ್ಧ ರೋಗಶಾಸ್ತ್ರಜ್ಞರಾದ ರುಡಾಲ್ಫ್ ಫಿರ್ಕೋ ಎಂಬವರು 1856ರಲ್ಲಿ ನರಗಳ ನಡುವಣ ಈ ವಸ್ತುವನ್ನು ‘ನ್ಯೂರೋಗ್ಲಿಯಾ’ ಎಂದು ಕರೆದರು. ಗ್ಲಿಯಾ ಎಂದರೆ ಗ್ರೀಕ್ ಭಾಷೆಯಲ್ಲಿ ಅಂಟು. ಗೋಡೆಯ ಕಲ್ಲುಗಳನ್ನು ಗಾರೆಯು ಹಿಡಿದು ನಿಲ್ಲಿಸುವಂತೆ ನರಕೋಶಗಳನ್ನು ಈ ಅಂಟು ಹಿಡಿದಿರುವುದೆಂದೂ, ಅದಕ್ಕೆ ಬೇರೆ ಉದ್ಯೋಗವೇನೂ ಇಲ್ಲವೆಂದೂ ಮುಂದೆ ನೂರು ವರ್ಷಗಳಿಗೂ ಮಿಕ್ಕಿ ಹೆಚ್ಚಿನವರು ನಂಬಿದ್ದರು. ಹೆಸರಿಟ್ಟವರು ಒಂದು ಮಾತು ಹೇಳಿ ಮುಗಿಸಿದರು. ಅದನ್ನು ತೊಡೆದುಹಾಕಲು ಎಷ್ಟು ತಲೆಮಾರುಗಳು ದುಡಿಯಬೇಕಾಯಿತೋ ನೋಡಿರಿ.

ಕಾಣದುದನ್ನು ಕಾಣಿಸುವುದಕ್ಕೆ ಬಣ್ಣ ಬೇಕಾಗಿತ್ತು. 1873ರಲ್ಲಿ ಇಟಲಿಯ ಕಮಿಲ್ಲೋ ಗಾಲ್ಜಿಯವರು ಬೆಳ್ಳಿಯ ಲವಣದಿಂದ ಮಿದುಳಿನ ಕೋಶಗಳನ್ನು ಕಪ್ಪಾಗಿ ತೋರಿಸುವ ಕ್ರಮವನ್ನು ಪ್ರಕಟಿಸಿದರು. ಅಂಟೆಂದು ಕರೆಯಲ್ಪಟ್ಟ ವಸ್ತುವು ಕೋಶಗಳಿಂದಲೇ ಆಗಿರುವುದೆಂದೂ, ಅವುಗಳಲ್ಲಿ ಕೆಲವು ತಮ್ಮ ಪಾದಗಳನ್ನು ರಕ್ತನಾಳಗಳ ಮೇಲೆ ಊರಿಕೊಂಡಿರುವುವೆಂದೂ ಅವರು ಕಂಡರು. ಸ್ಪೇನ್ ದೇಶದ ಸಾಂಟಿಯಾಗೋ ರಾಮೋನ್ ಇ ಕಹಾಲರು 1913ರಲ್ಲಿ ಚಿನ್ನದ ಲವಣವನ್ನು ಉಪಯೋಗಿಸಿ ಅವುಗಳ ನಕ್ಷತ್ರಾಕಾರವನ್ನು ಇನ್ನೂ ಸ್ಪಷ್ಟಪಡಿಸಿದರು. ಈ ಆಕಾರದಿಂದಲೇ ಅವುಗಳಿಗೆ ಆಸ್ಟ್ರೋಸೈಟ್, ಅಂದರೆ ನಕ್ಷತ್ರಕೋಶ, ಎಂಬ ಹೆಸರು ಬಂದಿತು. ಗ್ಲಿಯಾ ಕುಟುಂಬದಲ್ಲಿ ಇವಲ್ಲದೆ ನರತಂತುಗಳಿಗೆ ಕೊಬ್ಬಿನ ಹೊದಿಕೆಯನ್ನು ಸುತ್ತುವ ಕೋಶಗಳೂ, ಕಾವಲುಗಾರರಂತೆ ಸಂಚರಿಸುವ ಮೈಕ್ರೋಗ್ಲಿಯಾ ಎಂಬ ಸಣ್ಣ ಕೋಶಗಳೂ ಇರುವುವು. ಗ್ಲಿಯಾ ಕೋಶಗಳು ನರಕೋಶಗಳ ಹತ್ತರಷ್ಟಿವೆ ಎಂದು ಪಠ್ಯಪುಸ್ತಕಗಳಲ್ಲಿ ಬಹುಕಾಲ ಬರೆಯುತ್ತಿದ್ದರು. 2009ರಲ್ಲಿ ಬ್ರೆಜಿಲ್ ದೇಶದ ವಿಜ್ಞಾನಿಗಳು ಎಣಿಸಿ ನೋಡಿದಾಗ ಮನುಷ್ಯನ ಮಿದುಳಿನಲ್ಲಿ ನರಕೋಶಗಳು ಸುಮಾರು 8,600 ಕೋಟಿ ಇರುವುವೆಂದೂ, ಇತರ ಕೋಶಗಳೂ ಹೆಚ್ಚುಕಡಿಮೆ ಅಷ್ಟೇ ಎಂದೂ ತಿಳಿಯಿತು.

ಇನ್ನು ನಕ್ಷತ್ರಕೋಶದ ಕೆಲಸವೇನು? ನರಕೋಶಗಳು ಹೆಚ್ಚಾಗಿ ಒಂದನ್ನೊಂದು ಮುಟ್ಟಿಕೊಂಡಿರುವುದಿಲ್ಲ. ಒಂದರ ತುದಿಗೂ ಇನ್ನೊಂದರ ಕವಲಿಗೂ ನಡುವೆ ಅತಿ ಕಿರಿದಾದ ಕಂದರವೊಂದುಂಟು. ಈ ಸಂಧಿಸ್ಥಾನಕ್ಕೆ ಸಿನಾಪ್ಸ್ ಎಂದು ಹೆಸರು. ಸುದ್ದಿ ಹೇಳಬೇಕಾದ ಕೋಶವು ಆ ಕಂದರದೊಳಗೆ ಒಂದು ರಾಸಾಯನಿಕ ವಸ್ತುವನ್ನು ಸುರಿಯುವುದು. ಇಂತಹ ವಸ್ತುಗಳಲ್ಲಿ ಮುಖ್ಯವಾದದ್ದು ಗ್ಲುಟಮೇಟ್. ಸುದ್ದಿ ತಲಪಿದ ಮೇಲೂ ಅದು ಅಲ್ಲಿಯೇ ನಿಂತರೆ ಎದುರಿನ ಕೋಶವು ವಿಶ್ರಾಂತಿಯಿಲ್ಲದೆ ಕೆರಳಿ ಕೆರಳಿ ಕೊನೆಗೆ ಸತ್ತೇಹೋಗುವುದು. ಮಿದುಳಿನ ಅತ್ಯವಶ್ಯಕವಾದ ಈ ವಸ್ತುವೇ ಮಿತಿಮೀರಿದಾಗ ಅದಕ್ಕೆ ವಿಷವಾಗುವುದೆಂಬುದನ್ನು ಅಮೆರಿಕದ ಜಾನ್ ಓಲ್ನಿಯವರು 1969ರಲ್ಲಿ ತೋರಿಸಿಕೊಟ್ಟರು. ಅದನ್ನು ಆ ಕ್ಷಣವೇ ಹೀರಿಕೊಂಡು ಜಾಗವನ್ನು ಶುಚಿಮಾಡುವವು ಮುಖ್ಯವಾಗಿ ನಕ್ಷತ್ರಕೋಶಗಳೇ. ಹೀರಿದ್ದನ್ನು ಅವು ಎಸೆಯುವುದೂ ಇಲ್ಲ. ಅದನ್ನು ಗ್ಲುಟಮಿನ್ ಎಂಬ ನಿರಪಾಯ ವಸ್ತುವನ್ನಾಗಿ ಮಾಡಿ ನರಕೋಶಕ್ಕೆ ಹಿಂದಿರುಗಿಸುವುವು, ನರಕೋಶವು ಅದರಿಂದ ಮತ್ತೆ ಗ್ಲುಟಮೇಟನ್ನು ಮಾಡಿಕೊಳ್ಳುವುದು. ಮದುವೆಯ ಮನೆಯಲ್ಲಿ ಒಂದು ಪಂಕ್ತಿ ಎದ್ದೊಡನೆ ಎಲೆ ತೆಗೆದು ನೆಲ ಒರಸುವವರು ಇಲ್ಲದಿದ್ದರೆ ಎರಡನೆಯ ಪಂಕ್ತಿ ಕುಳಿತುಕೊಳ್ಳುವುದೆಲ್ಲಿ? ಹೀಗೆಯೇ ನರಕೋಶಗಳು ಹೊರಚೆಲ್ಲಿದ ಹೆಚ್ಚಿನ ಪೊಟ್ಯಾಸಿಯಮನ್ನೂ ಇವೇ ಎತ್ತಿ ಬೇರೆಡೆಗೆ ಸಾಗಿಸುವುವು. ಈ ಕೆಲಸ ಕುಂಠಿತವಾದರೆ ಅಪಸ್ಮಾರದ ಸೆಳೆತಗಳಿಗೆ ಎಡೆಯಾಗುವುದು.

ಈ ಗೃಹಕೃತ್ಯಕ್ಕೂ ಮನೆಮನೆಯ ಅನುಭವಕ್ಕೂ ಇರುವ ಒಂದು ಸಂಬಂಧವನ್ನು ಇಲ್ಲಿಯೇ ಹೇಳಬೇಕು. ಪಿತ್ತಜನಕಾಂಗವು ಬಹಳವಾಗಿ ಕೆಟ್ಟ ರೋಗಿಯು ಹಗಲು ನಿದ್ರಿಸಿ ರಾತ್ರಿ ಎಚ್ಚತ್ತಿರುವುದು, ದಿನ ತಿಥಿಗಳನ್ನು ಮರೆಯುವುದು, ಚಾಚಿದ ಕೈಗಳು ಹಕ್ಕಿಯ ರೆಕ್ಕೆಯಂತೆ ಬಡಿದುಕೊಳ್ಳುವುದು, ಕೊನೆಗೆ ಸ್ಮೃತಿ ತಪ್ಪುವುದು, ಇವನ್ನು ಅನೇಕರು ಕಂಡಿರಬಹುದು. ಬುದ್ಧಿ ಕೆಟ್ಟಿತೆಂದು ಮನೆಯವರು ಮರುಗುವರು. ನಡೆಯುವುದು ಹೀಗೆ: ಕರುಳಿನಲ್ಲಿ ಹುಟ್ಟುವ ಅಮೋನಿಯಾ ಎಂಬ ವಿಷವನ್ನು ಆರೋಗ್ಯವಾದ ಪಿತ್ತಜನಕಾಂಗವು ನಿವಾರಿಸುವುದು. ಅದು ಸೋತಾಗ ವಿಷವು ರಕ್ತದೊಡನೆ ಮಿದುಳನ್ನು ಸೇರುವುದು. ಅಲ್ಲಿ ಅದನ್ನು ಎದುರಿಸುವವು ನಕ್ಷತ್ರಕೋಶಗಳು. ಅಮೋನಿಯಾವನ್ನು ಗ್ಲುಟಮೇಟಿನೊಡನೆ ಕೂಡಿಸಿ ಗ್ಲುಟಮಿನ್ ಮಾಡುವ ಶಕ್ತಿ ಅವಕ್ಕುಂಟು. ಆದರೆ ಹಾಗೆ ಮಾಡುತ್ತ ಮಾಡುತ್ತ ಅವು ತಾವೇ ಊದಿಕೊಂಡು ಕೆಲಸಕ್ಕೆ ಬಾರದೆ ಹೋಗುವುವು. ಈ ಸ್ಥಿತಿಯು ಬಹುಮಟ್ಟಿಗೆ ಹಿಂದಿರುಗಿಸಬಹುದಾದದ್ದು. ಕರುಳಿನಿಂದ ಅಮೋನಿಯಾ ರಕ್ತಕ್ಕೆ ಸೇರದಂತೆ ತಡೆಯುವ ಲ್ಯಾಕ್ಟುಲೋಸ್ ಎಂಬ ಸಿಹಿಯಾದ ಪಾನಕದಂತಹ ಔಷಧಿಯನ್ನು ವೈದ್ಯರು ಕೊಡುವುದು ಇದಕ್ಕಾಗಿಯೇ. ಹೊಟ್ಟೆ ಸಡಿಲವಾಗುವುದೆಂದು ಅದನ್ನು ಮನೆಯಲ್ಲಿ ತಾವಾಗಿ ನಿಲ್ಲಿಸಿಬಿಡಬಾರದು. ವೈದ್ಯರನ್ನು ಕೇಳಿಯೇ ಪ್ರಮಾಣವನ್ನು ಬದಲಿಸಬೇಕು.

ಇಷ್ಟೆಲ್ಲ ಕೇಳಿದ ಮೇಲೂ ನಕ್ಷತ್ರಕೋಶವನ್ನು ಮೂಕ ಸೇವಕಿಯೆಂದೇ ಎಣಿಸಬಹುದು. ಹಾಗಲ್ಲವೆಂದು ತೋರಿದ್ದು 1990ರಲ್ಲಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಗಾಜಿನ ಬಟ್ಟಲಲ್ಲಿ ಬೆಳೆಸಿದ ನಕ್ಷತ್ರಕೋಶಗಳಿಗೆ ಗ್ಲುಟಮೇಟನ್ನು ಸೋಕಿಸಿದಾಗ ಒಂದು ಕೋಶದಲ್ಲಿ ಕ್ಯಾಲ್ಸಿಯಮ್ ಏರಿ, ಆ ಏರಿಕೆಯು ಕೆರೆಯ ನೀರಿನ ಅಲೆಯಂತೆ ನೆರೆಯ ಕೋಶಗಳಿಗೆ ಹರಡುವುದನ್ನು ಕಂಡರು. ನರಕೋಶಗಳ ಮಾತು ವಿದ್ಯುತ್ತಿನ ಮಾತು, ಮಿಂಚಿನಷ್ಟು ಶೀಘ್ರವಾದದ್ದು; ಇವುಗಳ ಮಾತು ರಸಾಯನದ ಮಾತು, ನಿಧಾನವಾದದ್ದು. ಅಲ್ಲದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬೆನ್ ಬ್ಯಾರೆಸರ ಪ್ರಯೋಗಶಾಲೆಯಲ್ಲಿ ಕಣ್ಣಿನ ನರಕೋಶಗಳನ್ನು ಗ್ಲಿಯಾ ಇಲ್ಲದೆ ಬೆಳೆಸಿದಾಗ ಅವು ಬದುಕಿದುವಾದರೂ ಸಿನಾಪ್ಸ್‌ಗಳು ಬಹು ಸ್ವಲ್ಪವೇ ಉಂಟಾದುವು. ಗ್ಲಿಯಾ ಜೊತೆಗಿದ್ದಾಗ ಸುಮಾರು ಏಳು ಪಾಲು ಹೆಚ್ಚಿದುವು. ಈ ಫಲಿತಾಂಶವು 2001ರಲ್ಲಿ ಪ್ರಕಟವಾಯಿತು. 2013ರಲ್ಲಿ ಮಾನವನ ಗ್ಲಿಯಾ ಮೂಲಕೋಶಗಳನ್ನು ಎಳೆಯ ಇಲಿಗಳ ಮಿದುಳಿಗೆ ಸೇರಿಸಿ ಬೆಳೆಸಿದಾಗ ಆ ಇಲಿಗಳು ತಮ್ಮ ಜೊತೆಯವುಗಳಿಗಿಂತ ಬೇಗ ಕಲಿತುವು. ಐನ್‌ಸ್ಟೀನರ ಮಿದುಳಿನ ಒಂದು ಭಾಗದಲ್ಲಿ ನರಕೋಶಕ್ಕೆ ಹೋಲಿಸಿದರೆ ಗ್ಲಿಯಾ ಹೆಚ್ಚಾಗಿತ್ತೆಂದು 1985ರಲ್ಲಿ ಮೇರಿಯನ್ ಡೈಮಂಡ್ ಎಂಬ ವಿದುಷಿ ಬರೆದದ್ದನ್ನು ಇದರೊಡನೆ ಸೇರಿಸಿ ಹೇಳುವ ವಾಡಿಕೆಯುಂಟು. ಒಬ್ಬರೇ ಮನುಷ್ಯರ ಮಿದುಳಿನಿಂದ ಅಷ್ಟು ದೊಡ್ಡ ಸಿದ್ಧಾಂತವನ್ನು ಕಟ್ಟುವುದು ಸಲ್ಲದೆಂದು ನನ್ನ ಮತ.

ಸಾಕುವ ಕೈಯೇ ಕೆಲವೊಮ್ಮೆ ಕೆಡುಕನ್ನೂ ಮಾಡುವುದುಂಟು. ಉರಿಯೂತದ ಸಮಯದಲ್ಲಿ ಮೈಕ್ರೋಗ್ಲಿಯಾ ಹೊರಬಿಡುವ ಮೂರು ವಸ್ತುಗಳು ಸೇರಿದರೆ ನಕ್ಷತ್ರಕೋಶಗಳು ಪೋಷಣೆಯನ್ನು ಬಿಟ್ಟು ನರಕೋಶಗಳಿಗೆ ಮಾರಕವಾಗುವುವೆಂದು ಬ್ಯಾರೆಸರ ತಂಡವು 2017ರಲ್ಲಿ ತೋರಿಸಿತು. ಮರೆವಿನ ಆಲ್‌ಜೈಮರ್ ರೋಗದಲ್ಲಿಯೂ ಕೈಕಾಲು ನಡುಗುವ ಪಾರ್ಕಿನ್ಸನ್ ರೋಗದಲ್ಲಿಯೂ ಅಂತಹ ಲಕ್ಷಣವುಳ್ಳ ಕೋಶಗಳು ಕಂಡುಬಂದಿವೆ. ಇದರಿಂದ ಔಷಧಿ ಹುಟ್ಟಬಹುದೆಂಬ ಆಶೆಯುಂಟು, ಔಷಧಿ ಇನ್ನೂ ಹುಟ್ಟಿಲ್ಲ. ನಿದ್ರೆಯಲ್ಲಿ ಮಿದುಳಿನ ಕಲ್ಮಶವು ನಕ್ಷತ್ರಕೋಶಗಳ ಸಹಾಯದಿಂದ ತೊಳೆದುಹೋಗುವುದೆಂದು 2013ರಲ್ಲಿ ಹೊರಟ ಮಾತು ಪತ್ರಿಕೆಗಳಲ್ಲೆಲ್ಲ ಹರಡಿತು. 2024ರಲ್ಲಿ ಇಲಿಗಳ ಮೇಲೆ ನಡೆದ ಮತ್ತೊಂದು ಪರೀಕ್ಷೆಯು ಅದಕ್ಕೆ ವಿರುದ್ಧವಾದ ಫಲವನ್ನು ಕೊಟ್ಟಿರುವುದರಿಂದ ಆ ವ್ಯಾಜ್ಯ ಇನ್ನೂ ತೀರಿಲ್ಲ.

ವ್ಯಾಜ್ಯ ತೀರಿ, ಅದರಿಂದ ರೋಗಿಗಳಿಗೆ ಉಪಕಾರವಾದ ಸಂಗತಿಯೊಂದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆನು. ಕಣ್ಣಿನ ನರವೂ ಬೆನ್ನುಹುರಿಯೂ ಒಟ್ಟಿಗೆ ಉರಿಯೂತಕ್ಕೆ ಗುರಿಯಾಗುವ ಒಂದು ರೋಗವನ್ನು ಫ್ರಾನ್ಸಿನ ಯೂಜೀನ್ ದೆವಿಕ್ ಎಂಬ ವೈದ್ಯರು 1894ರಲ್ಲಿ ವಿವರಿಸಿದರು. ನ್ಯೂರೋಮೈಲೈಟಿಸ್ ಆಪ್ಟಿಕಾ ಎಂದು ಅದರ ಹೆಸರು. ನರತಂತುಗಳ ಹೊದಿಕೆ ಕೆಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ರೋಗದ ಒಂದು ಬಗೆಯೆಂದೇ ಅದನ್ನು ನೂರು ವರ್ಷ ತಿಳಿದಿದ್ದರು. 2004ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವಾಂಡಾ ಲೆನನ್ ಎಂಬ ವಿದುಷಿಯೂ ಅವರ ಸಂಗಡಿಗರೂ ಈ ರೋಗಿಗಳ ರಕ್ತದಲ್ಲಿ ಒಂದು ವಿಶೇಷವಾದ ಪ್ರತಿಕಾಯವನ್ನು ಕಂಡುಹಿಡಿದರು. ಅದು ಯಾವುದರ ಮೇಲೆ ಎರಗುವುದೆಂದು ಮರುವರ್ಷವೇ ತಿಳಿಯಿತು: ನಕ್ಷತ್ರಕೋಶದ ಪಾದಗಳಲ್ಲಿ ನೀರು ಹೊಕ್ಕು ಹೊರಡುವ ಅಕ್ವಾಪೊರಿನ್-4 ಎಂಬ ಬಾಗಿಲಿನ ಮೇಲೆ. ಇಂತಹ ನೀರಿನ ಬಾಗಿಲುಗಳನ್ನು ಕಂಡುಹಿಡಿದುದಕ್ಕಾಗಿ ಪೀಟರ್ ಆಗ್ರೆಯವರಿಗೆ 2003ರಲ್ಲಿ ನೊಬೆಲ್ ಬಹುಮಾನ ದೊರೆತಿತ್ತು. ಹಾಗಾದರೆ ಮೊದಲು ಸಾಯುವುದು ನಕ್ಷತ್ರಕೋಶ. ಹೊದಿಕೆಯೂ ನರತಂತುವೂ ಆ ಬಳಿಕ ಹಾಳಾಗುವುವು.

ಇದು ಬರಿಯ ಪಾಂಡಿತ್ಯದ ಮಾತಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ಸಿಗೆ ಕೊಡುವ ಇಂಟರ್‌ಫೆರಾನ್ ಮೊದಲಾದ ಕೆಲವು ಔಷಧಿಗಳು ಈ ರೋಗವನ್ನು ಉಲ್ಬಣಿಸುವುವು. ಇದಕ್ಕೆ ಬೇಕಾದ ಚಿಕಿತ್ಸೆಯೇ ಬೇರೆ. ಒಂದೊಂದು ಆಘಾತವೂ ಕಣ್ಣಿನಲ್ಲಿಯೋ ಕಾಲಿನಲ್ಲಿಯೋ ಒಂದಿಷ್ಟು ಶಕ್ತಿಯನ್ನು ಶಾಶ್ವತವಾಗಿ ಕಸಿದುಕೊಂಡು ಹೋಗುವುದರಿಂದ ತಡಮಾಡುವಂತಿಲ್ಲ. ಗಂಡಸರಿಗಿಂತ ಹೆಂಗಸರಿಗೆ ಇದು ಹಲವು ಮಡಿ ಹೆಚ್ಚು, ಅದೂ ಬಹುಮಂದಿಗೆ ಮಕ್ಕಳುಮರಿಗಳನ್ನು ಸಾಕುವ ನಡುವಯಸ್ಸಿನಲ್ಲಿ. ನಮ್ಮ ಮಂಗಳೂರಿನಲ್ಲಿಯೂ ಈ ಬಗೆಯ ರೋಗಗಳ ದಾಖಲೆಯನ್ನು ಇಟ್ಟುಕೊಂಡು ವೈದ್ಯರು ಅಧ್ಯಯನ ನಡೆಸಿರುವರು.

ಒಂದು ಕಣ್ಣಿನ ದೃಷ್ಟಿ ಕೆಲವೇ ದಿನಗಳಲ್ಲಿ ನೋವಿನೊಡನೆ ಮಸಕಾಗುವುದು, ಎರಡು ಕಾಲುಗಳೂ ಜೋಮುಹಿಡಿದು ಬಲಗುಂದಿ ಮೂತ್ರಕ್ಕೆ ತಡೆಯಾಗುವುದು, ಇವು ಇದರ ಮುಖ್ಯ ಲಕ್ಷಣಗಳು. ಮೂರನೆಯದೊಂದುಂಟು, ಅದನ್ನು ಹೆಚ್ಚಿನವರು ಮಿದುಳಿಗೆ ಸಂಬಂಧಿಸಿದ್ದೆಂದು ಊಹಿಸಲಾರರು. ಬಿಕ್ಕಳಿಕೆಯೋ ವಾಂತಿಯೋ ಹಗಲಿರುಳು ವಾರಗಟ್ಟಲೆ ನಿಲ್ಲದಿರುವುದು. ಹೊಟ್ಟೆಯನ್ನು ಎಷ್ಟು ಪರೀಕ್ಷಿಸಿದರೂ ಏನೂ ಸಿಕ್ಕುವುದಿಲ್ಲ, ಏಕೆಂದರೆ ವಾಂತಿಯನ್ನು ಆಳುವ ಸ್ಥಾನವು ಮಿದುಳಿನ ಬುಡದಲ್ಲಿದೆ, ಮೇಲೆ ಹೇಳಿದ ನೀರಿನ ಬಾಗಿಲುಗಳೂ ಅಲ್ಲಿ ದಟ್ಟವಾಗಿವೆ. ಇಂತಹ ರೋಗಿಯನ್ನು ನರರೋಗತಜ್ಞರಲ್ಲಿಗೆ ಕರೆದೊಯ್ದು, ಅಕ್ವಾಪೊರಿನ್ ಪ್ರತಿಕಾಯದ ಪರೀಕ್ಷೆ ಬೇಕೇ ಎಂದು ಕೇಳಬೇಕು. ಎಲ್ಲ ರೋಗಿಗಳಲ್ಲಿಯೂ ಆ ಪ್ರತಿಕಾಯ ಕಾಣಿಸದಿದ್ದರೂ ಹೆಚ್ಚಿನವರಲ್ಲಿ ಕಾಣಿಸುವುದು; ಪರೀಕ್ಷೆಗೆ ಬೇಕಾಗುವುದು ತೋಳಿನಿಂದ ತೆಗೆದ ಸ್ವಲ್ಪ ರಕ್ತ ಮಾತ್ರ.