ಕಣ್ಣು ಮುಚ್ಚಲೇಬೇಕೆಂದೇನಿಲ್ಲ

ಘೋಣಸಗಿಯಿಂದಲೋ ಬಬಲೇಶ್ವರದಿಂದಲೋ ಹೊರಟು ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಬೆಳಗಿನ ತರಗತಿಗೆ ಬರುವ ಹುಡುಗಿ ಪುಸ್ತಕ ಬಿಚ್ಚುವ ಹೊತ್ತಿಗೆ ಅವಳ ಮೈ ಎಷ್ಟೋ ದುಡಿದಿರುತ್ತದೆ: ರೊಟ್ಟಿ ಬಡಿದು, ನೀರು ತುಂಬಿ, ಬಸ್ಸಿಗೆ ಕಾದು, ಸೀಟು ಸಿಗದಿದ್ದರೆ ನಿಂತೇ ಬಂದಿರುತ್ತಾಳೆ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಖರ್ಚು ತಪ್ಪಿತು, ದಣಿವು ತಪ್ಪಲಿಲ್ಲ. ಕಲಿಸುವ ನಾವು ಆ ಮೈಯನ್ನು ಲೆಕ್ಕಕ್ಕೇ ಹಿಡಿಯದೆ ಪಾಠ ಶುರುಮಾಡುತ್ತೇವೆ. ಉಸಿರಿನ, ಮೈಯರಿವಿನ ಅಭ್ಯಾಸಗಳನ್ನು ತರಗತಿಗೆ ತಂದು ನಾನು ಕಲಿತದ್ದು ಮುಖ್ಯವಾಗಿ ಒಂದೇ: ವಿದ್ಯಾರ್ಥಿನಿಗೆ ‘ನನಗೆ ಬೇಡ’ ಎನ್ನುವ ಸ್ವಾತಂತ್ರ್ಯ ಇದ್ದಾಗಲೇ ಅವು ಫಲ ಕೊಡುತ್ತವೆ.

ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ 616 ವಿದ್ಯಾರ್ಥಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂಟು ವಾರ ಇಂಥದೇ ಉಸಿರು-ಮೈಯರಿವಿನ ಅಭ್ಯಾಸವಾದ ಮೈಂಡ್‌ಫುಲ್‌ನೆಸ್ ಕಲಿತವರಿಗೆ ಪರೀಕ್ಷೆಯ ಹೊತ್ತಿನ ಮಾನಸಿಕ ಸಂಕಟ ಕಡಿಮೆಯಾಗಿತ್ತು. ಅವರೆಲ್ಲ ತಾವಾಗಿ ಮುಂದೆ ಬಂದವರು. ಬ್ರಿಟನ್ನಿನ ಶಾಲೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ, 2022ರಲ್ಲಿ ಹೊರಬಂದ ಅಧ್ಯಯನದಲ್ಲಿ ಇದೇ ಅಭ್ಯಾಸವನ್ನು ಇಡೀ ತರಗತಿಗೆ ಪಾಠದಂತೆ ಕಲಿಸಿದರು. ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ವಯಸ್ಸಿನ ಅಂತರವೂ ಇದೆ, ನಿಜ. ಆದರೂ ಸ್ವಂತ ಇಚ್ಛೆಯ ಪಾತ್ರವನ್ನು ನಾನು ಕಡೆಗಣಿಸಲಾರೆ. ಹಾಜರಿಗೂ ಇಂಟರ್ನಲ್ ಅಂಕಕ್ಕೂ ಗಂಟು ಹಾಕಿದ ಧ್ಯಾನ ಇನ್ನೊಂದು ಪರೀಕ್ಷೆಯೇ ಆಗಿಬಿಡುತ್ತದೆ.

ಇಂಥ ಅಭ್ಯಾಸ ಯಾವುದೋ ಒಂದು ಧರ್ಮದ್ದಲ್ಲವೇ ಎಂಬ ಆಕ್ಷೇಪವನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ದೃಷ್ಟಿ ನೆಡುವುದು ನಿತ್ಯದ ಪೂಜೆ. ಪಕ್ಕದ ಬೆಂಚಿನ ಹುಡುಗಿಯ ಮನೆಯಲ್ಲಿ ನಮಾಜು. ಎರಡನ್ನೂ ಗೌರವಿಸಬೇಕೆಂದರೆ ತರಗತಿಯ ಅಭ್ಯಾಸದಲ್ಲಿ ಮಂತ್ರವೂ ಇರಬಾರದು, ಮೂರ್ತಿಯೂ ಇರಬಾರದು: ಅಂಗಾಲು ನೆಲಕ್ಕೆ ತಾಗುವುದು, ಹೆಗಲು ಸಡಿಲವಾಗುವುದು, ಮೂರು ನಿಮಿಷದ ಉಸಿರು, ಇಷ್ಟು ಸಾಕು. ಕಣ್ಣು ಮುಚ್ಚಿದರೆ ಹಳೆಯ ಭಯ ಮರುಕಳಿಸುವವರೂ ಇರುತ್ತಾರೆ. ಅವರು ಕಣ್ಣು ತೆರೆದೇ ಇರಲಿ, ಬೇಕಾದರೆ ಎದ್ದು ಹೊರಗೆ ಹೋಗಲಿ, ಕಾರಣ ಕೇಳಬಾರದು. ಸಿಲಬಸ್ ಮುಗಿಯುವುದಿಲ್ಲ ಎನ್ನುವವರಿಗೆ ಆ ಮೂರು ನಿಮಿಷ ದೊಡ್ಡ ನಷ್ಟವೆಂದು ನನಗನಿಸುವುದಿಲ್ಲ. ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆ: ಹಸಿದು ಬಂದವಳಿಗೆ ಉಸಿರಾಟ ಹೇಳಿಕೊಡುವುದು ಎಷ್ಟು ಸರಿ? ಸರಿಯಲ್ಲ. ಅವಳಿಗೆ ಮೊದಲು ಬೇಕಾದದ್ದು ಕ್ಯಾಂಟೀನಿನಲ್ಲಿ ಅಗ್ಗದ ಊಟ, ಸ್ವಚ್ಛ ಶೌಚಾಲಯ, ತರಗತಿಯ ವೇಳೆಗೆ ಹೊಂದುವ ಬಸ್ಸು. ಇವನ್ನು ಕೇಳುವ ಅರ್ಜಿಗೆ ಉಸಿರಾಟ ಹೇಳಿಕೊಡುವ ನಾವೂ ಸಹಿ ಹಾಕಬೇಕು.