ರೋಗಾಣು ಬರುವ ಮೊದಲೇ ಸಿದ್ಧ: ಬಿ ಜೀವಕೋಶಗಳ ಕಥೆ

ಬಿ ಜೀವಕೋಶಗಳ ಪಾಠಕ್ಕೆ ಬರುವ ಹೆಚ್ಚಿನವರ ತಲೆಯಲ್ಲಿ ಒಂದು ಚಿತ್ರ ಮೊದಲೇ ಕೂತಿರುತ್ತದೆ. ರೋಗಾಣು ಮೈಯೊಳಗೆ ಬಂತು, ಜೀವಕೋಶ ಅದರ ಆಕಾರ ನೋಡಿಕೊಂಡು ತಕ್ಕ ಪ್ರತಿಕಾಯ ತಯಾರಿಸಿತು, ದರ್ಜಿ ಅಳತೆ ತೆಗೆದು ಅಂಗಿ ಹೊಲಿದ ಹಾಗೆ. ನಿಜವಾಗಿ ಇದು ಸಿದ್ಧ ಉಡುಪಿನ ಅಂಗಡಿ. ಗಿರಾಕಿ ಯಾರೆಂದು ತಿಳಿಯುವ ಮೊದಲೇ ಕೋಟಿಗಟ್ಟಲೆ ಅಂಗಿ ಹೊಲಿದು ನೇತುಹಾಕಿರುತ್ತಾರೆ. ಆ ಹೊಲಿಗೆ ಎಲ್ಲಿ, ಹೇಗೆ ನಡೆಯುತ್ತದೆ ಎಂಬುದನ್ನು ನೋಡೋಣ.

ಮೊದಲ ಸುಳಿವು ಕೊಟ್ಟಿದ್ದು ಕೋಳಿ. ಕೋಳಿಯ ಹಿಂಬದಿಯಲ್ಲಿ ಬರ್ಸಾ ಎಂಬ ಪುಟ್ಟ ಚೀಲವಿದೆ. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಅದರ ಕೆಲಸವೇನೆಂದು ತಿಳಿಯಲು ಮರಿಗಳಿಂದ ಅದನ್ನು ತೆಗೆದುಹಾಕುತ್ತಿದ್ದರು. ಅದೇ ಕೋಳಿಗಳಲ್ಲಿ ಕೆಲವನ್ನು ಜೊತೆಗಾರ ಟಿಮೊತಿ ಚಾಂಗ್ ತರಗತಿಯಲ್ಲಿ ಪ್ರತಿಕಾಯ ತೋರಿಸಲು ಒಯ್ದರು. ಪ್ರತಿಕಾಯವೇ ಬರಲಿಲ್ಲ! 1956ರಲ್ಲಿ ಇದು ಪ್ರಕಟವಾಯಿತು. ನಮಗೆ ಬರ್ಸಾ ಇಲ್ಲ. ಹುಟ್ಟಿದ ಮೇಲೆ ಬಿ ಜೀವಕೋಶಗಳನ್ನು ಬೆಳೆಸುವ ಆ ಕೆಲಸವನ್ನು ಮೂಳೆಯೊಳಗಿನ ಅಸ್ಥಿಮಜ್ಜೆ ಮಾಡುತ್ತದೆ.

ಇಲ್ಲಿ ಸ್ವಲ್ಪ ನಿಧಾನಿಸಿ. ಪ್ರತಿಕಾಯಕ್ಕೆ ಭಾರಸರಪಳಿ, ಲಘುಸರಪಳಿ ಎಂಬ ಎರಡು ಬಗೆಯ ಭಾಗಗಳಿವೆ. ರೋಗಾಣುವನ್ನು ಹಿಡಿಯುವ ಭಾರಸರಪಳಿಯ ತುದಿಗೆ ಇಡೀ ವಂಶವಾಹಿ ಸಿದ್ಧವಾಗಿ ಸಿಗುವುದಿಲ್ಲ. ತುಂಡುಗಳು ಮಾತ್ರ ಇರುತ್ತವೆ. ಮನುಷ್ಯರಲ್ಲಿ ವಿ ತುಂಡುಗಳು ಸುಮಾರು 40, ಡಿ 23, ಜೆ 6. ಎಳೆಯ ಜೀವಕೋಶ ತನ್ನದೇ ಡಿಎನ್‌ಎ ಕತ್ತರಿಸಿ ಮೊದಲು ಒಂದು ಡಿಯನ್ನು ಜೆಗೆ, ಆಮೇಲೆ ಒಂದು ವಿಯನ್ನು ಅವಕ್ಕೆ ಜೋಡಿಸುತ್ತದೆ. ಜೋಡಣೆಯ ಜಾಗದಲ್ಲಿ ಕೆಲವು ಅಕ್ಷರಗಳು ಉದುರುತ್ತವೆ, ಕೆಲವು ಹೊಸದಾಗಿ ಸೇರುತ್ತವೆ. ಎಲ್ಲ ಅದೃಷ್ಟದಾಟ. ಪ್ರತಿಕಾಯದ ವಂಶವಾಹಿಗಳು ಹೀಗೆ ಸ್ಥಾನ ಬದಲಿಸುತ್ತವೆಂದು 1976ರಲ್ಲಿ ತೋರಿಸಿದ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು.

ಈ ಆಟಕ್ಕೆ ಬೆಲೆಯೂ ಉಂಟು. ವಂಶವಾಹಿಯನ್ನು ಮೂರು ಮೂರು ಅಕ್ಷರವಾಗಿ ಓದಬೇಕು. ಜೋಡಣೆಯಲ್ಲಿ ಒಂದೋ ಎರಡೋ ಅಕ್ಷರ ಹೆಚ್ಚುಕಡಿಮೆಯಾದರೆ ಮುಂದಿನದೆಲ್ಲ ಅರ್ಥವಿಲ್ಲದ ಸಾಲು. ಹಾಗಾಗಿ ಮೂರರಲ್ಲಿ ಎರಡು ಜೋಡಣೆ ಹಾಳಾಗುತ್ತವೆ. ಆದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡು ಪ್ರತಿಗಳಿವೆ. ಇನ್ನೊಂದು ಅವಕಾಶ ಸಿಗುತ್ತದೆ. ಅದೂ ಕೆಟ್ಟರೆ ಜೀವಕೋಶ ಸಾಯುತ್ತದೆ. ಗೆದ್ದರೆ ಭಾರಸರಪಳಿ ಒಂದು ತಾತ್ಕಾಲಿಕ ಜೊತೆಗಾರನೊಂದಿಗೆ ಜೀವಕೋಶದ ಮೈಮೇಲೆ ಬಂದು, ‘ಕೆಲಸ ಮಾಡುತ್ತಿದ್ದೇನೆ’ ಎಂದು ಒಳಗೆ ಸಂಕೇತ ಕಳಿಸುತ್ತದೆ. ಆಗ ಜೀವಕೋಶ ಹಲವು ಬಾರಿ ಒಡೆದು ಹೆಚ್ಚುತ್ತದೆ. ಒಂದೊಂದು ಮರಿಯೂ ತನ್ನದೇ ಲಘುಸರಪಳಿಯನ್ನು ಕಟ್ಟಿಕೊಳ್ಳುತ್ತದೆ. ಬಹಳ ಜಾಣತನದ ಏರ್ಪಾಡು ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಆ ಸಂಕೇತ ತಲುಪದಿದ್ದರೆ? 1952ರಲ್ಲಿ ಆಗ್ಡನ್ ಬ್ರೂಟನ್ ಎಂಬ ವೈದ್ಯರು, ಪದೇ ಪದೇ ಸೋಂಕಿಗೆ ಗುರಿಯಾಗುತ್ತಿದ್ದ ಎಂಟು ವರ್ಷದ ಹುಡುಗನ ರಕ್ತದಲ್ಲಿ ಪ್ರತಿಕಾಯಗಳ ಅಂಶವೇ ಇಲ್ಲವೆಂದು ಕಂಡರು. ಸಂಕೇತ ಸಾಗಿಸುವ ಬಿಟಿಕೆ ಎಂಬ ಪ್ರೋಟೀನ್ ಕೆಟ್ಟಿರುವುದೇ ಈ ಕಾಯಿಲೆಯ ಕಾರಣವೆಂದು 1993ರಲ್ಲಿ ತಿಳಿಯಿತು. ಅದರ ವಂಶವಾಹಿ ಎಕ್ಸ್ ಕ್ರೋಮೋಸೋಮಿನಲ್ಲಿರುವುದರಿಂದ ಕಾಯಿಲೆ ಬರುವುದು ಬಹುಮಟ್ಟಿಗೆ ಗಂಡುಮಕ್ಕಳಿಗೆ. ಅಮ್ಮನಿಂದ ಬಂದ ಪ್ರತಿಕಾಯಗಳು ಮುಗಿಯುವವರೆಗೆ ಮಗು ಚೆನ್ನಾಗಿಯೇ ಇರುತ್ತದೆ.

ಮಜ್ಜೆಯಲ್ಲಿ ಇನ್ನೊಂದು ಪರೀಕ್ಷೆ ಬಾಕಿ. ನಮ್ಮದೇ ದೇಹದ ವಸ್ತುವನ್ನು ಗಟ್ಟಿಯಾಗಿ ಹಿಡಿದುಕೊಂಡ ಜೀವಕೋಶ ಲಘುಸರಪಳಿ ಬದಲಿಸಲು ಯತ್ನಿಸುತ್ತದೆ. ಆಗದಿದ್ದರೆ ಸಾಮಾನ್ಯವಾಗಿ ಸಾಯುತ್ತದೆ. ಉಳಿದವು ಗುಲ್ಮದಲ್ಲಿ ಪಕ್ವವಾಗಿ ರಕ್ತದಲ್ಲೂ ದುಗ್ಧಗ್ರಂಥಿಗಳಲ್ಲೂ ಅಲೆಯುತ್ತವೆ.

ಹೀಗೆ ಅಲೆಯುವವುಗಳಲ್ಲಿ ಒಂದಕ್ಕೆ ತನ್ನ ರೋಗಾಣು ಎದುರಾದಾಗ, ರೋಗನಿರೋಧಕ ವ್ಯವಸ್ಥೆಯ ಇನ್ನೊಂದು ಬಗೆಯಾದ ಟಿ ಜೀವಕೋಶದ ನೆರವಿನಿಂದ ಅದು ಗ್ರಂಥಿಯೊಳಗೆ ಬೇಗಬೇಗ ಒಡೆದು, ಪ್ರತಿಕಾಯದ ವಂಶವಾಹಿಯಲ್ಲಿ ಬೇಕೆಂದೇ ಸಣ್ಣ ಬದಲಾವಣೆಗಳನ್ನು ತಂದುಕೊಳ್ಳುತ್ತದೆ. ಇನ್ನೂ ಬಿಗಿಯಾಗಿ ಹಿಡಿಯುವ ಮರಿಗಳಿಗೆ ಉಳಿಯುವ ಅವಕಾಶ ಹೆಚ್ಚು. ಅವುಗಳಲ್ಲಿ ಕೆಲವು ಪ್ರತಿಕಾಯ ಸುರಿಸುವ ಪ್ಲಾಸ್ಮಾ ಜೀವಕೋಶಗಳಾದರೆ ಕೆಲವು ನೆನಪಿನ ಜೀವಕೋಶಗಳಾಗಿ ಉಳಿಯುತ್ತವೆ. ಈ ತಿದ್ದುಪಡಿಗೆ ವಾರಗಳು ಹಿಡಿಯುತ್ತವೆ. ಲಸಿಕೆಯ ಎರಡನೇ ಡೋಸನ್ನು ಮರುದಿನವೇ ಕೊಡದೆ ಕೆಲವು ವಾರ ಕಾಯಿಸುವುದಕ್ಕೆ ಒಂದು ಮುಖ್ಯ ಕಾರಣ ಇದೇ.